ಬೊಳ್ಳಮ್ಮನವರ ಹುಬ್ಬು

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ಚೆಟ್ಟಳ್ಳಿಯ ನಮ್ಮ ಮಹಿಳಾ ಸಮಾಜ, ಎಸ್ಟೇಟ್ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ, ಮಕ್ಕಳಿಗೆ ಶಿಶುವಿಹಾರ ತೆರೆಯಲು ಹೊರಟಿತ್ತು. ಟೀಚರ್ ಕೆಲಸಕ್ಕೆ ಆಸೆಪಟ್ಟು ಬಂದವಳು ಕಕ್ಕಬೆಯ ಪೂವಯ್ಯನವರ ಮಗಳು ಯಮುನ. ಪರೀಕ್ಷೆ ಸುಲಭದ್ದೇ: ಸಮಾಜದ ಹೆಂಗಸರೆದುರು ಮಕ್ಕಳ ಕಥೆಯೊಂದನ್ನು ಹೇಳಬೇಕು. ಅವರು ಮೆಚ್ಚಿದರೆ ಕೆಲಸ ಅವಳದು.

ಯಮುನ ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದಳು. ದಿನವೂ ಕಾಫಿ ಗಿಡಗಳಿಗೆ ಕಥೆ ಹೇಳಿ ಅಭ್ಯಾಸ ಮಾಡಿದಳು.

“ಗಿಡಕ್ಕೆ ಗಂಟಿಕ್ಕಲು ಹುಬ್ಬು ಇಲ್ಲೆ ಅಕ್ಕಾ, ಜನಕ್ಕೆ ಉಂಟು,” ಎಂದಳು.

ಮಳೆ ತುಸು ಬಿಡುವು ಕೊಟ್ಟ ಮಧ್ಯಾಹ್ನ ಎಲ್ಲರೂ ತೋಟದ ಒಳದಾರಿ ಹಿಡಿದು ಪರೀಕ್ಷೆಗೆಂದು ಎಸ್ಟೇಟಿನ ಗೋದಾಮಿಗೆ ಬಂದರು. ಅಧ್ಯಕ್ಷೆ ಬೊಳ್ಳಮ್ಮ ಮುಂದೆಯೇ ಕುಳಿತರು. ಏಲಕ್ಕಿ ಒಣಗಿಸುವ ಗೂಡಿಗೆ ನುಗ್ಗಿದ ನರಿಯ ಕಥೆ ಶುರುವಾಯಿತು. ನರಿ ಸೀನಿದಾಗ ಲೈನಿನ ಸಿದ್ದಮ್ಮ ಬಾಯಿಗೆ ಸೆರಗೊತ್ತಿ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಮಾಯಿಲಪ್ಪನೂ ಹಲ್ಲು ಬಿಟ್ಟ. ಬೊಳ್ಳಮ್ಮನವರ ಹುಬ್ಬು ಮಾತ್ರ ಗಂಟಾಯಿತು.

ಯಮುನಳ ಕಣ್ಣು ಆ ಹುಬ್ಬಿಗೇ ನೆಟ್ಟಿತು. ಬೊಳ್ಳಮ್ಮ ತುಟಿ ಕಚ್ಚಿದರು, ಯಮುನ ತೊದಲಿದಳು. ಬೊಳ್ಳಮ್ಮ ಕಣ್ಣು ಮುಚ್ಚಿದರು. ನರಿ ಗೂಡಿನೊಳಗೇ ಉಳಿಯಿತು, ಯಮುನ ಹೊರಗೆ ಓಡಿದಳು.

ಹಿಂದುಗಡೆ ಕಾಫಿ ಕಾಯುತ್ತಿದ್ದ ಒಲೆಯ ಬಳಿ ಅವಳನ್ನು ಹಿಡಿದೆ.

“ನಾಳೆ ಬಸ್ಸಿಗೆ ಊರಿಗೆ ಹೋಗ್ತೇನೆ. ನನ್ನ ಸ್ವರವೇ ಬೊಳ್ಳಮ್ಮನವ್ರಿಗೆ ಸಹಿಸ್ಲಿಕ್ಕಾಗ್ಲಿಲ್ಲ.”

“ಉಳಿದವ್ರೆಲ್ಲ ನಗ್ತಿದ್ರಲ್ಲೇ!”

“ಯಾರು ನಕ್ಕದ್ದು?”

ಕೊಂಕಿನ ಮಾತಲ್ಲ. ನಿಜಕ್ಕೂ ಅವಳು ಒಂದು ನಗುವನ್ನೂ ಕಂಡಿರಲಿಲ್ಲ.

ಅಷ್ಟರಲ್ಲಿ ಬೊಳ್ಳಮ್ಮ ಕುಂಟುತ್ತ ಬಂದರು. “ಸುಣ್ಣ ಉಂಟಾ? ಬೇಗ!”

ಎಲೆಯಡಿಕೆ ತಟ್ಟೆಯಿಂದ ಸುಣ್ಣ ಕೊಟ್ಟೆ. ಗೋಡೆಗೆ ಮುಖ ಮಾಡಿ ಸೀರೆ ಎತ್ತಿ ಹಚ್ಚಿದರು. ಕೊಬ್ಬಿದ ಜಿಗಣೆಯೊಂದು ನೆಲಕ್ಕೆ ಬಿತ್ತು.

“ಕಥೆ ಶುರುವಾಗುವಾಗ ಪಾದದಲ್ಲಿತ್ತು. ನರಿ ಸೀನುವಾಗ ಮೊಣಕಾಲು ದಾಟಿತು.”

ಯಮುನ ಬೆಪ್ಪಾಗಿ ನೋಡಿದಳು. “ಎದ್ದು ಬರಬಾರದಿತ್ತಾ?”

“ಹೇಗೆ ಏಳುದು ಹುಡುಗೀ? ನಾನು ಎದ್ದರೆ ಎಲ್ಲರೂ ಏಳ್ತಾರೆ, ನಿನ್ನ ಕಥೆ ಅಲ್ಲಿಗೇ ಖಲಾಸ್. ಅದಲ್ಲದೆ ಬಾಗಿಲಲ್ಲಿ ಆ ಮಾಯಿಲಪ್ಪ!” ಎಂದು ಕೆಂಪಾದರು. “ನಾನು ತಡ್ಕೊಂಡು ಕೂತೆ, ನೀನೇ ಓಡಿದೆಯಲ್ಲ! ಆ ಹಾಳು ನರಿ ಎಂತಾಯ್ತು?”

ಹಿಂದೆಯೇ ಬಂದಿದ್ದ ಸಿದ್ದಮ್ಮ ಆಗಲೇ ಒಂದು ಲೋಟ ಕಾಫಿ ಬಗ್ಗಿಸಿ, ಬೆಲ್ಲ ತುಸು ಹೆಚ್ಚೇ ಹಾಕಿ ಯಮುನಳ ಕೈಗಿಟ್ಟಳು. “ಕುಡ್ಕೊಂಡು ಬಾರವ್ವ. ಮಕ್ಳಿಗೆ ಆಮ್ಯಾಕೆ, ಮೊದ್ಲು ನಮ್ಗೆ ಹೇಳು. ಎಲ್ರೂ ಕುಂತವ್ರೆ.”

ಯಮುನ ಒಳಗೆ ಹೋದಳು. ರಕ್ತ ಇನ್ನೂ ಜಿನುಗುತ್ತಿದ್ದ ಕಾಲನ್ನು ಸೀರೆಯಡಿ ಮುಚ್ಚಿಕೊಂಡು ಬೊಳ್ಳಮ್ಮ ಮತ್ತೆ ಮುಂದೆಯೇ ಕುಳಿತರು. ಕಥೆಯ ನಡುವೆ ಮೂಲೆಯಲ್ಲಿದ್ದ ಸಮಾಜದ ಸದಸ್ಯೆ ಕಾಂತಮ್ಮ ಮುಖ ಸಿಂಡರಿಸಿದಳು. ಯಮುನಳ ದನಿ ನಡುಗಿತು.

“ಕಾಂತಮ್ಮ, ಕಾಲು ನೋಡ್ಕೊಳ್ಳಿ,” ಎಂದಳು ಯಮುನ.

ಗೋದಾಮಿನಲ್ಲಿದ್ದವರೆಲ್ಲ ತಂತಮ್ಮ ಕಾಲು ನೋಡಿಕೊಂಡರು.

“ಕಾಲಲ್ಲಿ ಏನಿಲ್ಲ, ಹಲ್ಲುನೋವು ಮಾರಾಯ್ತಿ! ನೀನು ಮುಂದೆ ಹೇಳು.”

ನಗೆ ಸಿಡಿಯಿತು. ಈ ಸಲ ಯಮುನ ಆ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಆಮೇಲೆ ನರಿಯನ್ನು ಗೂಡಿನಿಂದ ಹೊರಗೆ ತಂದಳು.

ಶಿಶುವಿಹಾರ ತೆರೆದ ದಿನ ಯಮುನ ಟೀಚರ್ ಬಾಗಿಲ ಬಳಿ ಮೊದಲು ಇಟ್ಟದ್ದು ಒಂದು ಸುಣ್ಣದ ಡಬ್ಬಿ.