ಹತ್ತರಲ್ಲಿ ಏಳು

ಲಾರಿ ತೂಗುವ ಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದವನ ಬಾಯಲ್ಲಿ ಒಂದು ಕಿಲೋ ಹೆಚ್ಚುಕಡಿಮೆ ಬಂದದ್ದಿಲ್ಲ. "ಅಣ್ಣಾ, ಸ್ವಲ್ಪ ದೂರ ನಿಂತ್ಕೊಳ್ಳಿ, ನಿಮ್ಮ ತೂಕಾನೂ ನಮ್ಮ ಲೋಡಿಗೆ ಸೇರ್ಬಿಡತ್ತೆ" ಎಂದು ಡ್ರೈವರುಗಳು ಚುಡಾಯಿಸಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನೂ ಅವನೇ.

ನೂರ ನಲವತ್ತೆರಡು ಕಿಲೋ. ಮಂಡಿಗಳು ಕೈಯೆತ್ತಿದ ಮೇಲೆ, ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡುವ ಆಪರೇಷನ್ನಿಗೆ ಒಪ್ಪಿಕೊಂಡ. ಬರುತ್ತೇನೆ ಎಂದ ಅಕ್ಕನಿಗೆ "ನಾನೇನು ಹಸುಗೂಸಾ? ಬರ್ಬೇಡ" ಎಂದುಬಿಟ್ಟ. ಅಕ್ಕನೋ, ಹೇಳಿದ ಮಾತು ಕೇಳುವವಳು. ಬರಲಿಲ್ಲ.

ಬೆಳಗ್ಗೆ ಆಪರೇಷನ್ ಮುಗಿಯಿತು. ಅರಿವಳಿಕೆ ಕೊಟ್ಟ ಡಾಕ್ಟರು ಹೊಟ್ಟೆಯ ಎರಡೂ ಬದಿಗೆ, ನರಗಳ ಹತ್ತಿರ ಸೂಜಿ ಹಾಕಿ ಮದ್ದು ಬಿಟ್ಟಿದ್ದರು. ನಾಳೆ ಬೆಳಗಿನವರೆಗೂ ಗಾಯ ಅಷ್ಟಾಗಿ ಕಾಡುವುದಿಲ್ಲ ಎಂದಿದ್ದರು. ಮಾತು ಸುಳ್ಳಾಗಲಿಲ್ಲ.

ಮಧ್ಯಾಹ್ನ ನರ್ಸ್ ಬಂದಳು. "ನೋವು ಹತ್ತರಲ್ಲಿ ಎಷ್ಟಣ್ಣಾ?"

"ಒಂದು."

ಬರೆದುಕೊಂಡಳು, ಮುಂದೆ ಹೋದಳು. ಪಕ್ಕದ ಹಾಸಿಗೆಯ ಮೇಷ್ಟ್ರು ಮಾತ್ರ "ಏಳಮ್ಮಾ, ಏಳೂವರೆ ಅಂತ್ಲೇ ಬರ್ಕೊ" ಎಂದು ನರಳಿದರು. ಅವಳು ಅಲ್ಲೇ ನಿಂತಳು. ದಿಂಬು ಸರಿಮಾಡಿದಳು, ಭುಜದ ಮೇಲೆ ಕೈಯಿಟ್ಟಳು, ಮಕ್ಕಳೆಷ್ಟು ಎಂದು ಕೇಳಿದಳು. ಗುಮಾಸ್ತ ಗಡಿಯಾರ ನೋಡಿದ. ಹನ್ನೊಂದು ನಿಮಿಷ.

ಮೂರು ಗಂಟೆಗೆ ಭೇಟಿಯ ಸಮಯ. ಮೇಷ್ಟ್ರ ಮನೆಯವರು ಬಂದರು, ಕೂರಲು ಜಾಗ ಸಾಲದೆ ಇವನ ಹಾಸಿಗೆ ಪಕ್ಕದ ಕುರ್ಚಿಯನ್ನೂ ಕೇಳಿ ಒಯ್ದರು. "ತಗೊಳ್ಳಿ ತಗೊಳ್ಳಿ" ಎಂದ.

ಅವರು ಹೋದ ಮೇಲೆ ನರ್ಸ್ ಮತ್ತೆ ಬಂದು ಕೇಳಿದಳು.

"ಏಳು" ಎಂದ.

ಅವಳ ಮುಖ ಬದಲಾಯಿತು. ಆದರೆ ಭುಜದ ಮೇಲೆ ಕೈ ಬರಲಿಲ್ಲ; ನಾಡಿ ಹಿಡಿದಳು, ಜ್ವರ ನೋಡಿದಳು, ಓಡಿದಳು. ಐದು ನಿಮಿಷದಲ್ಲಿ ಅರಿವಳಿಕೆ ಡಾಕ್ಟರನ್ನೇ ಕರೆತಂದಳು. ಅವರ ಕೈಯಲ್ಲಿ ಮಂಜುಗಡ್ಡೆ ತುಂಬಿದ ರಬ್ಬರ್ ಗವಸಿತ್ತು.

ಅದನ್ನು ಭುಜಕ್ಕೆ ಮುಟ್ಟಿಸಿದರು. "ತಣ್ಣಗಿದೆಯಾ?"

"ಅಬ್ಬಾ! ಹೂಂ."

ಹೊಟ್ಟೆಗೆ ಮುಟ್ಟಿಸಿದರು. "ಇಲ್ಲಿ?"

ಏನೋ ತಾಗಿದಂತಾಯಿತೇ ಹೊರತು ತಣ್ಣಗೆನಿಸಲಿಲ್ಲ. ಅವನು ನರ್ಸ್ ಕಡೆ ನೋಡಿದ.

"ಯೋಚನೆ ಮಾಡಿ ಹೇಳಿ" ಎಂದರು ಡಾಕ್ಟರು. "ಇಲ್ಲೂ ತಣ್ಣಗಿದ್ರೆ ನನ್ನ ಮದ್ದು ಸರಿಯಾಗಿ ಹಿಡಿದಿಲ್ಲ ಅಂತ, ಇನ್ನೊಂದು ದಾರಿ ನೋಡೋಣ. ತಣ್ಣಗಿಲ್ದೆ ಇಷ್ಟು ನೋವಿದ್ರೆ ಒಳಗಿನ ಹೊಲಿಗೆ ಎಲ್ಲೋ ಬಿಟ್ಟಿರಬಹುದು. ಸ್ಕ್ಯಾನ್ ಮಾಡ್ಬೇಕು. ಮತ್ತೆ ಹೊಟ್ಟೆ ತೆರೀಬೇಕಾಗಿ ಬಂದ್ರೂ ಬಂತು. ಸರ್ಜನ್ನು ಮನೆಗೆ ಹೊರಟಿದ್ರು, ನಿಲ್ಲಿಸಿದ್ದೀನಿ."

ನರ್ಸ್ ಆಗಲೇ ಸ್ಟ್ರೆಚರಿಗೆ ಹೇಳಿಕಳಿಸಿದ್ದಳು. ಚಕ್ರಗಳ ಕಿರುಗುಟ್ಟುವ ಸದ್ದು ಬಾಗಿಲ ತನಕ ಬಂತು.

"ಡಾಕ್ಟ್ರೇ, ತಣ್ಣಗಿಲ್ಲ. ನೋವೂ ಇಲ್ಲ" ಎಂದ ಗುಮಾಸ್ತ, ಸೂರು ನೋಡುತ್ತ. "ಒಂದೇ. ಮೊದ್ಲು ಹೇಳಿದ್ನಲ್ಲ, ಅಷ್ಟೇ."

"ಮತ್ತೆ ಏಳು ಅಂದ್ರಿ?"

"ಏಳು ಅಂದ್ರೆ... ಸಿಸ್ಟರ್ ಸ್ವಲ್ಪ ಹೊತ್ತು ನಿಲ್ತಾರೆ ಅಂತ."

ಮೇಷ್ಟ್ರ ನರಳಾಟವೂ ನಿಂತಿತು. ಐವತ್ತು ದಾಟಿದ ಆ ದೊಡ್ಡ ಮೈ ಎಲ್ಲಿ ಅಡಗಿಕೊಳ್ಳಲಿ ಎಂದು ಹುಡುಕುವಂತೆ ದುಪ್ಪಟಿಯೊಳಗೆ ಕುಗ್ಗಿತು.

ಡಾಕ್ಟರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. "ನಾಳೆ ಮದ್ದಿನ ಗುಣ ಇಳಿಯತ್ತೆ. ಆಗ ನಿಮ್ಮ ಬಾಯಿಂದ ಬರೋ ಲೆಕ್ಕ ಬಿಟ್ರೆ ನಮ್ಗೆ ಬೇರೆ ಕಣ್ಣಿಲ್ಲ" ಎಂದು ಹೇಳಿ, ಸರ್ಜನ್ನಿಗೆ ಫೋನ್ ಮಾಡುತ್ತ ಹೊರಟರು. ಸ್ಟ್ರೆಚರ್ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ನರ್ಸ್ ಉಳಿದಳು. "ನನ್ನ ಜೀವಾನೇ ಹಾರಿಹೋಗಿತ್ತು ಕಣಣ್ಣಾ" ಎಂದಳು. ಗವಸಿನಿಂದ ಸೋರಿದ ನೀರು ಹೊಟ್ಟೆಯ ಮೇಲೆ ಹರಡಿತ್ತು. ಬಟ್ಟೆ ಸಿಗದೆ, ಪಟ್ಟಿ ನೆನೆಯದಿರಲೆಂದು ಅಂಗೈಯಲ್ಲೇ ಮೆಲ್ಲಗೆ ಒರೆಸಿದಳು, ಒಂದು ಸಲ, ಮತ್ತೊಂದು ಸಲ. ಗುಮಾಸ್ತ ಕತ್ತೆತ್ತಿ ನೋಡಿದ. ಕೈ ಓಡಾಡುವುದು ಕಣ್ಣಿಗೆ ಕಾಣುತ್ತಿತ್ತು. ಅದು ಬೆಚ್ಚಗಿತ್ತೋ ತಣ್ಣಗಿತ್ತೋ, ಅವನಿಗೆ ತಿಳಿಯಲೇ ಇಲ್ಲ.