ಪ್ಲಸ್ ತೆಗೆದು ಸ್ಟಾರ್

ಆಫೀಸಿನ ಕಂಪ್ಯೂಟರಿನಲ್ಲಿ ಒಪ್ಪಿಗೆಯ ಹಸಿರು ಗುಂಡಿ ಒತ್ತುವಾಗ ತನ್ನ ಬೆರಳು ತಣ್ಣಗಾಗುತ್ತದಲ್ಲ, ಅದು ಮೈಯಲ್ಲಿ ರಕ್ತ ಕಡಿಮೆಯಾಗಿಯೋ, ಹೇಡಿತನಕ್ಕೋ? ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ತನ್ನನ್ನೇ ಕೇಳಿಕೊಂಡಳು. ಬೇರೆಯವರನ್ನು ಕೇಳುವ ಪೈಕಿಯವಳಲ್ಲ. ಆಫೀಸಿನಲ್ಲಿ ಅವಳಿಗೆ ಮೌನಗೌರಿ ಎಂದೇ ಹೆಸರು. ಹಾಗೆ ಕರೆದರೂ ಸಿಟ್ಟಾಗುತ್ತಿರಲಿಲ್ಲ; ಸಿಟ್ಟಾಗಲೂ ಬಾಯಿ ಬೇಕಲ್ಲ.

ಪಕ್ಕದ ಮೇಜು ಮೇಷ್ಟ್ರದು. ಅವರೇನೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಹೊಸದಾಗಿ ಬಂದವರಿಗೆಲ್ಲ ಕೆಲಸ ಕಲಿಸಿ ಕಲಿಸಿ ಆ ಹೆಸರು ಅಂಟಿಕೊಂಡಿತ್ತು. ಅವಳು ಬರೆದ ಮೊದಲ ಕೋಡನ್ನು ಓದಿ ಅವರು ಸಾಲುಸಾಲಿಗೂ ತಪ್ಪು ಗುರುತು ಹಾಕಿದ್ದರು. ಅವಳ ಕಣ್ಣು ತುಂಬಿದ್ದನ್ನು ನೋಡಿ ನಕ್ಕಿದ್ದರು.

"ಪುಟ್ಟೀ, ತಪ್ಪು ತೋರಿಸೋದು ಅಂದ್ರೆ ಬೈಯೋದಲ್ಲ. ನೀನು ಬರೆದದ್ದನ್ನ ಒಬ್ಬ ಮನುಷ್ಯ ಪೂರ್ತಿ ಓದಿದಾನೆ ಅಂತ. ಓದದೇನೇ ಚೆನ್ನಾಗಿದೆ ಅಂತಾರಲ್ಲ, ಅವರನ್ನ ನಂಬಬೇಡ."

ಈಗ ಅವರು ಬರೆದದ್ದನ್ನು ಅವಳು ಓದಿ, ಸರಿಯಿದ್ದರೆ ಹಸಿರು ಗುಂಡಿ ಒತ್ತಬೇಕಾಗಿತ್ತು. ದೊಡ್ಡ ಕೆಲಸಗಳಲ್ಲಿ ಮೇಷ್ಟ್ರು ಮೇಲಿಂದ ಮೇಲೆ ಎಡವತೊಡಗಿದಾಗ ತಂಡದ ಮುಖ್ಯಸ್ಥ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ, ಅವರಿಗೊಂದು ಪುಟ್ಟ ಪ್ರೋಗ್ರಾಂ ಕೊಟ್ಟು ಕೂರಿಸಿದ್ದ. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು ಪರೀಕ್ಷಿಸುವ ಪ್ರೋಗ್ರಾಂ. ಅಕ್ಷರಗಳು ಹೀಗ್ಹೀಗೆ ಬರಬೇಕು ಎಂಬ ಮಾದರಿಯನ್ನೂ ಒಂದು ಸಾಲನ್ನೂ ಕೊಟ್ಟರೆ, ಸಾಲಿನಲ್ಲಿ ಆ ಮಾದರಿ ಇದ್ದರೆ 'ಸಿಕ್ಕಿತು' ಎನ್ನುತ್ತದೆ, ಇಲ್ಲದಿದ್ದರೆ 'ಸಿಗಲಿಲ್ಲ'. ಅಷ್ಟೇ. ಅದನ್ನು ಯಾರೂ ಬಳಸುತ್ತಿರಲಿಲ್ಲ.

"ಅದೊಂದು ಆಟಿಕೆ ಕಣಮ್ಮಾ," ಎಂದಿದ್ದ ಮುಖ್ಯಸ್ಥ. "ಅವರು ಏನ್ ಬದಲಾಯಿಸಿದ್ರೂ ಯಾರ ಮನೇನೂ ಮುಳುಗಲ್ಲ. ಹಸಿರು ಒತ್ತಿಬಿಡು. ನಿವೃತ್ತಿ ಆಗೋವರೆಗೂ ಮರ್ಯಾದೆಯಾಗಿ ಕೂತಿರ್ಲಿ."

ಅವಳು ಒತ್ತಿದ್ದಳು. ಮೇಷ್ಟ್ರು ಅಂಕಿ ಹುಡುಕುವ ಮಾದರಿಯೊಂದರಲ್ಲಿ ಪ್ಲಸ್ ಚಿಹ್ನೆ ತೆಗೆದು ಸ್ಟಾರ್ ಹಾಕಿ ಕಳಿಸುವರು. ಪ್ಲಸ್ ಇದ್ದರೆ ಸಾಲಿನಲ್ಲಿ ಒಂದಾದರೂ ಅಂಕಿ ಇರಬೇಕು; ಸ್ಟಾರ್ ಇದ್ದರೆ ಒಂದೂ ಇಲ್ಲದಿದ್ದರೂ ನಡೆಯುತ್ತದೆ. ಜೊತೆಗೊಂದು ಟಿಪ್ಪಣಿ: ಹಳೆಯ ತಪ್ಪು ಸರಿಪಡಿಸಿದೆ. ಕೆಲವು ದಿನ ಬಿಟ್ಟು ಸ್ಟಾರ್ ತೆಗೆದು ಪ್ಲಸ್. ಟಿಪ್ಪಣಿ ಅದೇ. ಮತ್ತೆ ಸ್ಟಾರ್. ಪ್ರತಿ ಸಲವೂ ಮೊದಲ ಸಲದ ಉತ್ಸಾಹ.

ಇವತ್ತು ಬಸ್ಸಿಳಿದು ಬಂದಾಗ ಆಫೀಸಿನ ಮೆಟ್ಟಿಲ ಬುಡದಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು, ಕೈಯಲ್ಲಿ ಗಂಡನ ಕನ್ನಡಕ.

"ನೀನೇ ಅಲ್ವೇನಮ್ಮಾ ಪುಟ್ಟಿ? ಬಿಟ್ಟು ಬಂದಿದಾರೆ, ಕೊಟ್ಬಿಡು." ಕನ್ನಡಕ ಕೊಟ್ಟ ಮೇಲೂ ಆಕೆ ಅವಳ ಕೈ ಬಿಡಲಿಲ್ಲ. "ಮೊನ್ನೆ ಗ್ಯಾಸ್ ತಿರುಗಿಸಿ, ಹಚ್ಚೋದು ಮರೆತು, ಹೊರಗೆ ಹೋಗಿದ್ರು. ನಾನು ಒಳಗೆ ಮಲಗಿದ್ದೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ ನಿನ್ನ ಹೆಸರು ಹೇಳ್ತಾರೆ."

"ನನ್ನ ಹೆಸರಾ?"

"'ನಮ್ಮ ಪುಟ್ಟಿ ಕಣ್ಣಲ್ಲಿ ಕಣ್ಣಿಟ್ಟು ಓದ್ತಾಳೆ, ಇವತ್ತಿನವರೆಗೂ ಒಂದು ತಪ್ಪು ಹಿಡಿದಿಲ್ಲ, ನನ್ನ ತಲೆ ಕೆಟ್ಟಿದ್ರೆ ಅವಳು ಬಿಡ್ತಿದ್ಲಾ' ಅಂತಾರೆ. ನಾನೇನು ಹೇಳ್ಲಿ? ನಿಮ್ಮ ಕೆಲಸ ನಂಗೆ ಗೊತ್ತಾಗಲ್ಲ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಗುಣ ಆಗೋ ಕಾಯಿಲೆ ಅಲ್ಲ, ಗೊತ್ತು. ನಮ್ಮ ಮಾವನೋರಿಗೂ ಹೀಗೇ ಆಗಿತ್ತು. ಕೊನೆಗೆ ಹೆತ್ತ ಮಕ್ಕಳನ್ನೇ ಯಾರಪ್ಪಾ ನೀವು ಅಂದ್ರು."

ಅವಳು ಹೂಂ ಎಂದಳು. ಕನ್ನಡಕ ಹಿಡಿದು ಮೆಟ್ಟಿಲು ಹತ್ತಿದಳು.

ಮೇಲೆ ಮೇಷ್ಟ್ರು ಕನ್ನಡಕ ಹಾಕಿಕೊಂಡು ಕುರ್ಚಿಯನ್ನು ಅವಳತ್ತ ತಿರುಗಿಸಿದರು. "ಅರೆ, ಇದನ್ನ ಇಲ್ಲೇ ಬಿಟ್ಟಿದ್ನಾ? ಒಳ್ಳೇದಾಯ್ತು. ಒಂದು ಬದಲಾವಣೆ ಕಳಿಸಿದೀನಿ, ನೋಡು ಪುಟ್ಟಿ. ಯಾವ ಪುಣ್ಯಾತ್ಮ ಪ್ಲಸ್ ತೆಗೆದು ಸ್ಟಾರ್ ಹಾಕಿದ್ನೋ! ಸಾಲಲ್ಲಿ ಏನೂ ಇಲ್ಲದಿದ್ರೂ ಸಿಕ್ತು ಸಿಕ್ತು ಅಂತ ಬಡ್ಕೊಳ್ತಿತ್ತು."

ಪುಣ್ಯಾತ್ಮನ ಹೆಸರು ಪರದೆಯ ಮೇಲೆ ಆ ಸಾಲಿನ ಪಕ್ಕದಲ್ಲೇ ಇತ್ತು. ಅದರ ಕೆಳಗೆ, ಓದಿ ಒಪ್ಪಿದವಳ ಹೆಸರು.

ವಿಚಿತ್ರವೆಂದರೆ ಇವತ್ತಿನ ಬದಲಾವಣೆ ಸರಿಯಾಗಿಯೇ ಇತ್ತು. ಹಸಿರು ಒತ್ತಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ನಾಳೆಯೋ ನಾಡಿದ್ದೋ ಮತ್ತೆ ಸ್ಟಾರ್ ಬರುವುದು, ಮತ್ತೆ ಒತ್ತುವುದು. ಬಾಯಿಬಿಟ್ಟರೆ ಅವರ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಒಂದು ದಿನ ಆ ಮನೆಯೇ ಹೋಗುತ್ತದೆ. ಹೇಗೆ ನೋಡಿದರೂ ಹೋಗುವುದೇ. ಉಳಿಯುವ ದಾರಿ ಅವಳಿಗೆ ಒಂದೂ ಕಾಣಲಿಲ್ಲ.

"ಏನಮ್ಮ ಮೌನಗೌರಿ, ಆಟಿಕೆ ರಿಪೇರಿ ಆಯ್ತಾ?" ಎನ್ನುತ್ತ ಮುಖ್ಯಸ್ಥ ಹಾದುಹೋದ.

ಮೇಷ್ಟ್ರು ಇನ್ನೂ ನಗುತ್ತಲೇ ಇದ್ದರು. "ಯಾಕೆ, ತಪ್ಪೇನಾದ್ರೂ ಸಿಕ್ತಾ? ಸಿಕ್ಕಿದ್ರೆ ಹೇಳು, ನಾನೇನು ಅಳಲ್ಲ."

ಅವಳು ಮೌಸಿನಿಂದ ಕೈ ತೆಗೆದಳು. ಮೊದಲ ಸಲ ದನಿಯೇ ಹೊರಡಲಿಲ್ಲ.

"ಮೇಷ್ಟ್ರೇ," ಎಂದಳು ಎರಡನೆಯ ಸಲ. "ಆ ಸ್ಟಾರ್ ಹಾಕಿದ್ದು ನೀವೇ. ನಿಮಗದು ನೆನಪಿಲ್ಲ."