ಸಾಯಬೇಕಿದ್ದ ಸಾಲು

ಕಾವಲಿಯ ಮೇಲೆ ಅಕ್ಕಿರೊಟ್ಟಿ ಬೇಯುತ್ತಿದ್ದಾಗ ಅಂಗಳದಿಂದ ತೋಟದ ಆಳು ಲಿಂಗಪ್ಪನ ಕೂಗು ಕೇಳಿತು.

"ಅಮ್ಮಾ, ನಿಮ್ಮ ಬಟಾಣಿ ಒಂದೂ ಸತ್ತಿಲ್ಲ! ಬಂದು ನೋಡಿ!"

ಒಂದೂ ಸತ್ತಿಲ್ಲವೆಂದರೆ? ಮೂರು ವಾರ ಕಳಸದ ತವರಿನಲ್ಲಿದ್ದು ನಿನ್ನೆ ರಾತ್ರಿಯಷ್ಟೇ ಮರಳಿದ್ದ ತುಂಗಾ ಒಲೆ ಆರಿಸಿ ಹಿಟ್ಟಿನ ಕೈಯಲ್ಲೇ ಓಡಿದಳು. ಏಳು ವರ್ಷದ ಪಂಚಮಿ ಅಮ್ಮನ ಹಿಂದೆಯೇ ಓಡಿದಳು.

ಕಾಫಿ ತೋಟದ ಕೆಳಗಿನ ಆ ತುಂಡು ಜಾಗ ಪಕ್ಕದ ಮನೆಯ ಭಾಗಮ್ಮನದು. ಬೇರುಕೊಳೆಗೆ ಬಗ್ಗದ ಬಟಾಣಿ ತಳಿ ಮಾಡುತ್ತೇನೆಂದು ಆರು ವರ್ಷದ ಹಿಂದೆ ತುಂಗಾ ಕೇಳಿ ಪಡೆದಿದ್ದಳು. ಊರಿನ ಹೊಲಗಳಿಂದ ಕೊಳೆತ ಬೇರು ಆಯ್ದು ತಂದು ಅಲ್ಲಿ ಹೂತು, ಮಗುವನ್ನು ಸಾಕಿದಂತೆ ರೋಗವನ್ನು ಸಾಕಿದ್ದಳು. ಆ ಮಣ್ಣಿನಲ್ಲೂ ಬದುಕಿದ ಗಿಡದ ಪರಾಗವನ್ನು ರುಚಿಯ ಬಟಾಣಿಯ ಹೂವಿಗೆ ಸೋಕಿಸಿ, ಬಂದ ಬೀಜವನ್ನು ಮತ್ತೆ ಅಲ್ಲೇ ಬಿತ್ತುವುದು ಅವಳ ಕ್ರಮ. ಪಕ್ಕದಲ್ಲಿ ಒಂದು ಸಾಲು ಊರಿನ ಮಾಮೂಲಿ ಬಟಾಣಿ. ಮೂರು ವಾರದಲ್ಲಿ ಅದು ಸಾಯಲೇಬೇಕು. ಅದು ಸತ್ತರೆ ಮಾತ್ರ ಉಳಿದವು ನಿಜವಾಗಿ ಗಟ್ಟಿ ಎಂದು ನಂಬಬಹುದು.

ಆ ಸಾಲು ಸೊಂಪಾಗಿ ನಿಂತಿತ್ತು.

"ಏನ್ ಮಾಡಿದ್ರಿ ಲಿಂಗಪ್ಪ?"

"ನೀವು ಬಿತ್ತಿ ಕಳಸಕ್ಕೆ ತಾಯೀನ ನೋಡ್ಕೊಳ್ಳೋಕೆ ಹೋದ್ರಲ್ಲ, ಮಾರನೇ ದಿನ ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆದ್ವಿ. ಎರಡು ಕೊಡ ಉಳೀತು. ನಾಳೆಗಿಟ್ರೆ ಕೆಟ್ಟೋಗುತ್ತೆ, ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಇಲ್ಲಿಗೆ ಹುಯ್ದೆ. ವರ್ಷಾ ವರ್ಷಾ ಸತ್ತ ಸಸಿ ಮುಂದೆ ಕೂರ್ತೀರಲ್ಲಮ್ಮ ನೀವು." ಅವನು ನಕ್ಕ. "ಓದಿದೋರಿಗೆ ಹೊಳೀದಿದ್ದು ನಂಗೆ ಹೊಳೀತು ನೋಡಿ!"

ಮೈಲುತುತ್ತ ಸುಣ್ಣದ ಆ ನೀರು ಆರು ವರ್ಷ ಸಾಕಿದ ರೋಗವನ್ನು ಕೊಂದಿತ್ತು. ಇನ್ನು ಯಾವ ಗಿಡ ತನ್ನ ಬಲದಿಂದ ನಿಂತಿದೆ, ಯಾವುದು ಔಷಧಿಯಿಂದ, ಯಾರು ಹೇಳಬೇಕು? ಅವನು ಪ್ರೀತಿಯಿಂದಲೇ ಮಾಡಿದ್ದ. ಕಾಫಿ ಕುಡಿದು ಬನ್ನಿ ಎಂದು ಕಳಿಸಿದಳು.

ಹತ್ತು ಗಂಟೆಗೆ ಭಾಗಮ್ಮ ಬರುವವಳಿದ್ದಳು. "ಇದೇ ಕೊನೆ ಮಾರಾಯ್ತಿ," ಎಂದು ಮೊದಲೇ ಹೇಳಿದ್ದಳು. "ಗಿಡ ನಿಂತ್ರೆ ನನ್ನ ಅರ್ಧ ಎಕರೆಗೂ ನಿನ್ನ ಬೀಜ. ಇಲ್ಲಾಂದ್ರೆ ಅಲ್ಲಿ ಕಾಫಿ ಗಿಡ ನೆಡ್ತೀನಿ."

ತುಂಗಾ ಕುಕ್ಕರಗಾಲಲ್ಲಿ ಕೂತು ಮಾಮೂಲಿ ಸಾಲಿನ ಒಂದು ಗಿಡ ಕಿತ್ತಳು. ಬೇರು ಕೊಳೆಯದೆ ಬೆಳ್ಳಗಿತ್ತು. ಇನ್ನೊಂದು ಕಿತ್ತಳು. ಆಮೇಲೆ ಕೈ ನಿಲ್ಲಲಿಲ್ಲ. ಇಡೀ ಸಾಲನ್ನು ಕಿತ್ತು ಗೊಬ್ಬರಗುಂಡಿಗೆ ಹಾಕಿ, ಸಗಣಿ ಮುಚ್ಚಿ, ಮಣ್ಣು ಸಮ ಮಾಡಿದಳು. ಪಂಚಮಿ ಏನೋ ಕೇಳಲು ಬಾಯಿ ತೆರೆದಳು.

"ಆಮೇಲೆ, ಪುಟ್ಟಿ," ಎಂದಳು ತುಂಗಾ, ಮಗಳ ಮುಖ ನೋಡದೆ.

ಭಾಗಮ್ಮ ಬಂದವಳು ಸಸಿಗಳ ಮುಂದೆ ಕೂತೇಬಿಟ್ಟಳು. ಮೂರು ವರ್ಷದಿಂದ ಅವಳ ಬಟಾಣಿ ಕಾಯಿ ಕಚ್ಚುವ ಮೊದಲೇ ಕೊಳೆತಿತ್ತು. ಎಲೆಯನ್ನು ಬೆರಳಲ್ಲಿ ಸವರಿ ನೋಡಿದಳು.

"ನಮ್ಮ ಮಾಮೂಲಿದು ಸತ್ತೋಯ್ತೇನೇ?"

"ಅದರ ಜಾಗ ಖಾಲಿ ಇದೆಯಲ್ಲ, ಭಾಗಮ್ಮ."

"ಬಡ್ಡೀಮಗಂದು ಹೋಗ್ಲಿ ಬಿಡು! ಬೇರೇನೂ ಹಾಕಲ್ಲ ನಾನಿನ್ನು, ಅರ್ಧ ಎಕರೆಗೂ ಇದೇ." ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನೀನು ಹೇಳಿದ್ಮೇಲೆ ನಂಗೆ ಧೈರ್ಯ."

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾಗದು ಎಂದು ತುಂಗಾಳಿಗೆ ಗೊತ್ತಿತ್ತು. ಆದರೂ ಖಾಲಿ ಸಾಲಿನ ಮಣ್ಣನ್ನು ಕಾಲಿನಿಂದ ಮತ್ತೊಮ್ಮೆ ಸಮ ಮಾಡಿದಳು.

ಪಂಚಮಿ ಅವಳ ಮಣ್ಣಿನ ಕೈ ಹಿಡಿದು ಜಗ್ಗಿದಳು.

"ಅಮ್ಮಾ, ಆ ಸಾಲು ಬದುಕಿತ್ತಲ್ಲ, ಯಾಕೆ ಕಿತ್ತೆ?"